ಗೆರೆಯಕ್ಕ ಅಳೆದ ನೀರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರೇ, ಬಿಡುವಿಲ್ಲದ ಕೆಲಸದ ನಡುವೆಯೂ ಬಂದಿರುವ ನೀರು ಸರಬರಾಜು ವಿಭಾಗದ ಮುಖ್ಯ ಎಂಜಿನಿಯರ್ ಅವರೇ, ಯಾರ ನಿವೃತ್ತಿಯ ಬೀಳ್ಕೊಡುಗೆಗಾಗಿ ನಾವೆಲ್ಲ ಇಲ್ಲಿ ಸೇರಿದ್ದೇವೋ, ಯಾರು ಆ ದೊಡ್ಡ ಕುರ್ಚಿಯಿಂದ ಎದ್ದು ಹೋಗಲು ಆಗಿನಿಂದ ದಾರಿ ಹುಡುಕುತ್ತಿದ್ದಾರೋ, ಆ ನಮ್ಮ ಗೆರೆಯಕ್ಕನವರೇ, ಪ್ರಯೋಗಾಲಯದ ನನ್ನ ಒಡನಾಡಿಗಳೇ, ಅಕ್ಕನ ಮನೆಯವರೇ, ಮೂರನೇ ಸಾಲಿನಲ್ಲಿ ಕುಳಿತಿರುವ ನನ್ನ ಮನೆಯವರೇ, ಮತ್ತು ಸಭಿಕರೇ,

ನನಗೆ ಕೊಟ್ಟಿರುವ ಸಮಯ ಹತ್ತು ನಿಮಿಷ. ಬರೆದುಕೊಂಡು ಬಂದಿರುವುದು ಎರಡು ಹಾಳೆ. ಅದರಲ್ಲಿ ಅಕ್ಕ ಸೇವೆಗೆ ಸೇರಿದ ದಿನಾಂಕವಿದೆ, ಮೂವತ್ತಾರು ವರ್ಷಗಳಲ್ಲಿ ಅವರು ಪರೀಕ್ಷೆ ಮಾಡಿದ ಮಾದರಿಗಳ ಒಟ್ಟು ಸಂಖ್ಯೆಯಿದೆ, 'ಕರ್ತವ್ಯನಿಷ್ಠೆ' ಎಂಬ ಪದ ನಾಲ್ಕು ಕಡೆ ಇದೆ. ಆದರೆ ಈಗ ಓದಲು ಹೊರಟರೆ ಕನ್ನಡಕ ಮನೆಯಲ್ಲೇ ಉಳಿದಿದೆ. ಆದ್ದರಿಂದ ನೆನಪಿದ್ದದ್ದನ್ನು ಹೇಳುತ್ತೇನೆ. ಹೆಚ್ಚುಕಡಿಮೆಯಾದರೆ ಅಕ್ಕ ತಿದ್ದುತ್ತಾರೆ. ಇಷ್ಟು ವರ್ಷ ಅವರು ಮಾಡಿದ್ದೇ ಅದನ್ನು.

ಹೊರಗಿನಿಂದ ಬಂದವರಿಗಾಗಿ ಒಂದು ಮಾತು. ನಮ್ಮದು ನೀರು ಪರೀಕ್ಷಿಸುವ ಪ್ರಯೋಗಾಲಯ. ಬಾವಿಯ ನೀರು, ಟ್ಯಾಂಕಿನ ನೀರು, ನಲ್ಲಿಯ ನೀರು, ಎಲ್ಲವೂ ಸೀಸೆಗಳಲ್ಲಿ ನಮ್ಮ ಮೇಜಿಗೆ ಬರುತ್ತವೆ. ಕುಡಿಯಬಹುದೋ ಬಾರದೋ ಎಂದು ನಾವು ಬರೆದುಕೊಡುತ್ತೇವೆ. ಆ ಕೆಲಸದಲ್ಲಿ ಮುಕ್ಕಾಲು ಪಾಲು ಏನು ಗೊತ್ತೇ? ಒಂದು ಪಾತ್ರೆಯಿಂದ ಇನ್ನೊಂದು ಪಾತ್ರೆಗೆ ನೀರು ಹಾಕುವುದು. ನಮ್ಮ ಅತ್ತೆಯವರು ಒಮ್ಮೆ ಬಂದು ನೋಡಿ ಕೇಳಿಯೇಬಿಟ್ಟರು: "ಅಲ್ಲಪ್ಪಾ, ಅಷ್ಟೆಲ್ಲಾ ಓದಿ ಮಾಡೋ ಕೆಲಸ ಇದೇನಾ? ಇದನ್ನ ನಾವು ದಿನಾ ಅಡುಗೆಮನೇಲಿ ಮಾಡ್ತೀವಲ್ಲ."

ಮಾಡುತ್ತೀರಿ, ನಿಜ. ಆದರೆ ಐದು ಮಿಲಿಲೀಟರ್ ಎಂದರೆ ಐದೇ ಮಿಲಿಲೀಟರ್ ಬೀಳುವಂತೆ ಮಾಡುತ್ತೀರಾ? ಒಂದು ಹನಿ ಹೆಚ್ಚಿಲ್ಲದೆ, ಒಂದು ಹನಿ ಕಡಿಮೆಯಿಲ್ಲದೆ? ಅದಕ್ಕೆಂದೇ ನಮ್ಮಲ್ಲಿ ಪಿಪೆಟ್ ಎಂಬ ಗಾಜಿನ ಕೊಳವೆಯಿದೆ. ಅದರ ಕತ್ತಿನ ಸುತ್ತ ಕೂದಲೆಳೆಯಂಥ ಒಂದು ಗೆರೆ. ನೀರನ್ನು ಆ ಗೆರೆಯ ತನಕ ಏರಿಸಿ, ತುದಿಯನ್ನು ಪಾತ್ರೆಯ ಗೋಡೆಗೆ ತಾಗಿಸಿ, ತಾನಾಗಿಯೇ ಇಳಿಯಲು ಬಿಡಬೇಕು. ಕೊಳವೆಯೊಳಗೆ ನೀರಿನ ಮೇಲ್ಮೈ ಬಟ್ಟಲಿನಂತೆ ನಡುವೆ ತಗ್ಗಿರುತ್ತದೆ. ಆ ತಗ್ಗಿನ ತಳ ಗೆರೆಯ ಮೇಲೆ ಕೂತಿರಬೇಕು. ನೋಡುವವರ ಕಣ್ಣು ಗೆರೆಯ ಎತ್ತರಕ್ಕೇ ಇರಬೇಕು. ನಮ್ಮ ಅಕ್ಕನ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುವ ಮಾತು "ಗೆರೆ ನೋಡಿ" ಎಂಬುದು. ಅದಕ್ಕೇ ಅವರು ಗೆರೆಯಕ್ಕ. ಸಂಬಳದ ಚೀಟಿಯಲ್ಲಿ ಅವರ ಹೆಸರು ಬೇರೆಯೇ ಇದೆ. ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ.

ನಾನು ಇಲ್ಲಿಗೆ ಬಂದದ್ದು ಇಪ್ಪತ್ತೊಂಬತ್ತು ವರ್ಷಗಳ ಹಿಂದೆ. ಆಗ ನನಗೆ ಇಪ್ಪತ್ತಾರು, ಕೈಯಲ್ಲಿ ಚಿನ್ನದ ಪದಕ, ತಲೆಯಲ್ಲಿ ಅದಕ್ಕಿಂತ ಭಾರವಾದದ್ದು. ಹುದ್ದೆಯಲ್ಲಿ ನಾನು ಮೇಲಿನವನು. ಅಕ್ಕ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿ, ತೊಳೆಯುತ್ತಲೇ ನೋಡಿ ಕಲಿತು, ಪರೀಕ್ಷೆ ಬರೆದು, ತಂತ್ರಜ್ಞೆಯಾದವರು. ಮೊದಲ ದಿನವೇ ನಾನು ಪಿಪೆಟ್ಟನ್ನು ಬಾಯಿಗಿಟ್ಟು, ಎಳನೀರು ಕುಡಿಯುವವನಂತೆ ಸುರ್‍ರೆಂದು ಎಳೆದೆ. ಅವರು ತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದವರು ಬಂದು, ಪಿಪೆಟ್ಟಿನ ತುದಿಗೆ ಸಿಕ್ಕಿಸಿ ನೀರೆಳೆಯುವ ಒಂದು ರಬ್ಬರ್ ಚೆಂಡನ್ನು ನನ್ನ ಮುಂದಿಟ್ಟರು.

"ಇದರಲ್ಲಿ ಎಳೀರಿ ಸರ್."

"ಯಾಕ್ರೀ? ನೀರು ತಾನೇ?"

"ನೀರು ಹೌದೋ ಅಲ್ವೋ ಅಂತ ನೋಡೋಕೇ ತಾನೇ ಸರ್ ಅದನ್ನ ಇಲ್ಲಿಗೆ ತಂದಿರೋದು?"

ತಪ್ಪು ತನ್ನದೆಂದು ಗೊತ್ತಾದಾಗ ಮನುಷ್ಯ ಏನು ಮಾಡುತ್ತಾನೆ? ಸಿಟ್ಟಾಗುತ್ತಾನೆ. ನಾನೂ ಆದೆ.

ಇನ್ನೊಂದು ಸಂಗತಿ. ನೀವು ನೋಡುತ್ತಿರುವಂತೆ ನಾನು ಉದ್ದ, ಅವರು ಗಿಡ್ಡ. ಗೆರೆಯ ಮಟ್ಟಕ್ಕೆ ಕಣ್ಣು ಬರಲೆಂದು ಅವರು ಒಂದು ಮರದ ಮಣೆ ಹತ್ತಿ ನಿಲ್ಲುತ್ತಿದ್ದರು. ನಾನು ಮೊಣಕಾಲು ಬಗ್ಗಿಸಬೇಕಿತ್ತು. ಬಗ್ಗಿಸುತ್ತಿದ್ದೆನೇ? ಇಲ್ಲ. ನಿಂತಲ್ಲಿಂದಲೇ ಮೇಲಿನಿಂದ ಕಣ್ಣಾಡಿಸುತ್ತಿದ್ದೆ. ಮೇಲಿನಿಂದ ನೋಡಿದವನಿಗೆ ನೀರು ಗೆರೆ ಮುಟ್ಟಿದಂತೆ ಕಾಣುತ್ತದೆ, ಆದರೆ ಮುಟ್ಟಿರುವುದಿಲ್ಲ. ಅವರು ಒಮ್ಮೆ ಅಂದರು: "ಗೆರೆ ನಿಮ್ಮ ಹತ್ರ ಬರಲ್ಲ ಸರ್. ನೀವೇ ಅದರ ಹತ್ರ ಹೋಗ್ಬೇಕು." ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮುಂದೆ ನಗುವ ಸ್ಥಿತಿಯಲ್ಲೂ ನಾನು ಉಳಿಯಲಿಲ್ಲ ಅನ್ನಿ. ಮರುವರ್ಷ ನಮಗೆ ಮಗಳು ಹುಟ್ಟಿದಳು. ಹೆರಿಗೆಯಾದ ಮೇಲೆ ನನ್ನ ಹೆಂಡತಿಗೆ ಜ್ವರ ಬಂದು ಎದೆಹಾಲು ನಿಂತುಹೋಯಿತು. ಮಗುವಿಗೆ ಪುಡಿ ಹಾಲು. ಅದನ್ನು ಕಲಸಲು ನೀರು. ನಾನು ನೀರಿನ ತಜ್ಞ ನೋಡಿ, ಮನೆಯಲ್ಲಿ ಅಪ್ಪಣೆ ಹೊರಡಿಸಿದೆ: "ಚೆನ್ನಾಗಿ ಕುದಿಸು ಕಣೇ. ಕುದ್ದ ಮೇಲೂ ಹದಿನೈದು ನಿಮಿಷ ಬಿಡು." ಅವಳು ನನಗಿಂತ ಶಿಸ್ತಿನವಳು. ಹದಿನೈದು ಎಂದರೆ ಅರ್ಧ ಗಂಟೆ ಕುದಿಸುತ್ತಿದ್ದಳು. ಪಾತ್ರೆ ತುಂಬ ಇಟ್ಟ ನೀರು ಅರ್ಧಕ್ಕೆ ಇಳಿಯುತ್ತಿತ್ತು.

ಮಗುವಿಗೆ ಮೂರು ತಿಂಗಳಾದಾಗ ತುಟಿಗಳು ನೀಲಿಗಟ್ಟತೊಡಗಿದವು. ಮೊದಲು ಅಳುವಾಗ ಮಾತ್ರ. ಆಮೇಲೆ ಮಲಗಿದಾಗಲೂ. ಉಗುರುಗಳ ಬಣ್ಣವೂ ಬದಲಾಯಿತು. ಮಕ್ಕಳ ಡಾಕ್ಟರು ಎದೆಗೆ ಕಿವಿಗೊಟ್ಟು, "ಹೃದಯದ ತೊಂದರೆ ಇರಬಹುದು. ದೊಡ್ಡ ಆಸ್ಪತ್ರೇಲಿ ತೋರಿಸೋಣ, ಸೋಮವಾರ ಬರೆದುಕೊಡ್ತೀನಿ," ಎಂದರು. ಆ ವಾರ ನನ್ನ ಹೆಂಡತಿ ಮಗುವಿನ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತೇ ಇದ್ದಳು. ನಾನು ಮಾತ್ರ ಮನೆಯಿಂದ ತಪ್ಪಿಸಿಕೊಳ್ಳಲೆಂಬಂತೆ ಬೆಳಗ್ಗೆ ಬೇಗ ಕೆಲಸಕ್ಕೆ ಬರುತ್ತಿದ್ದೆ. ಇದನ್ನು ನಾನು ಈ ಹಾಳೆಯಲ್ಲಿ ಬರೆದಿರಲಿಲ್ಲ. ಇರಲಿ, ಬಾಯಿಗೆ ಬಂದಿದೆ.

ಆ ವಾರ ಬಂದ ಸೀಸೆಗಳಲ್ಲಿ ಒಂದರ ಮೇಲೆ ಹದಿನೇಳು ಎಂದು ಬರೆದಿತ್ತು. ನಮ್ಮ ಮೇಜಿಗೆ ಊರು ಕೇರಿಯ ಹೆಸರು ಬರುವುದಿಲ್ಲ, ಬರೀ ಸಂಖ್ಯೆ. ಯಾರ ನೀರು ಎಂದು ತಿಳಿದರೆ ಅಳೆಯುವವನ ಕೈ ವಾಲಬಹುದೆಂದು ಈ ಏರ್ಪಾಡು. ಆ ನೀರಿನಲ್ಲಿ ನೈಟ್ರೇಟ್ ಎಂಬ ಲವಣ ಎಷ್ಟಿದೆ ಎಂದು ನೋಡಬೇಕಿತ್ತು. ದೊಡ್ಡವರು ಅದನ್ನು ಸ್ವಲ್ಪ ತಡೆದುಕೊಳ್ಳುತ್ತಾರೆ. ಹಸುಗೂಸುಗಳು ತಡೆಯುವುದಿಲ್ಲ. ನಮ್ಮ ಪುಸ್ತಕದ ಪ್ರಕಾರ ಲೀಟರಿಗೆ ಐವತ್ತು ಮಿಲಿಗ್ರಾಂ ಒಳಗಿದ್ದರೆ ಯೋಗ್ಯ, ದಾಟಿದರೆ ಅಯೋಗ್ಯ. ಐದು ಮಿಲಿಲೀಟರ್ ಅಳೆದು, ಶುದ್ಧ ನೀರು ಸೇರಿಸಿ ತೆಳುವಾಗಿಸಿ, ಬಣ್ಣ ಬರಿಸಿ ನೋಡುವ ಪರೀಕ್ಷೆ. ನಾನೇ ಮಾಡಿದೆ. ನಲವತ್ತೆಂಟು ಬಂತು. 'ಯೋಗ್ಯ' ಎಂದು ಬರೆದು ಸಹಿ ಹಾಕಿದೆ.

ಎರಡನೆಯ ಸಹಿ ಅಕ್ಕನದಾಗಬೇಕು. ಅವರು ಕಾಗದ ನೋಡಿದರು, ನನ್ನ ಪಿಪೆಟ್ ನೋಡಿದರು, ಸಹಿ ಹಾಕಲಿಲ್ಲ. ಮಣೆ ಎಳೆದುಕೊಂಡು ಹತ್ತಿದರು, ಅದೇ ಸೀಸೆಯಿಂದ ಮೂರು ಸಲ ಮಾಡಿದರು. ಐವತ್ತೆರಡು, ಐವತ್ತೆರಡು, ಐವತ್ತೆರಡು.

"ಸರ್, ಇದು ದಾಟುತ್ತೆ."

"ನಾಲ್ಕು ವ್ಯತ್ಯಾಸಕ್ಕೆ ಏನಾಗುತ್ತೇರೀ? ನಲವತ್ತೆಂಟೂ ಒಂದೇ, ಐವತ್ತೆರಡೂ ಒಂದೇ."

"ಒಂದೇ ಆಗಿದ್ರೆ ನಡುವೆ ಐವತ್ತು ಅಂತ ಯಾಕೆ ಸರ್ ಇಟ್ಟಿದ್ದಾರೆ?"

"ಹಾಗಾದ್ರೆ ನನಗೆ ಅಳೆಯೋಕೆ ಬರಲ್ಲ ಅಂತೀರಾ?"

ಅವರು ಪಿಪೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಆಮೇಲೆ ಮೆತ್ತಗೆ, "ಬರುತ್ತೆ ಸರ್. ಇವತ್ತು ಬಂದಿಲ್ಲ," ಅಂದರು.

ಆ ಮೆತ್ತಗಿನ ದನಿಯೇ ನನ್ನನ್ನು ಚುಚ್ಚಿತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ನಾನು ನನ್ನ ಕೋಣೆಗೆ ಹೋಗಿ ಒಂದು ಪತ್ರ ಬರೆದೆ. 'ತೊಳೆಯುವ ಕೆಲಸದಿಂದ ಮೇಲೆ ಬಂದ ಈ ನೌಕರರು ಮೇಲಧಿಕಾರಿಗೆ ಎದುರುತ್ತರ ಕೊಡುತ್ತಾರೆ, ವರದಿಗೆ ಸಹಿ ಹಾಕಲು ನಿರಾಕರಿಸುತ್ತಾರೆ.' ಒಂದು ಪ್ರತಿಯನ್ನು ಮುಖ್ಯ ಕಚೇರಿಗೆ ಹೋಗುವ ಟಪಾಲಿಗೆ ಹಾಕಿ, ಇನ್ನೊಂದನ್ನು ಹಿಡಿದು ಆಗಿನ ನಮ್ಮ ಮುಖ್ಯಸ್ಥರ ಬಳಿ ಹೋದೆ. ಅಕ್ಕಾ, ಈ ಪತ್ರದ ವಿಷಯ ನಿಮಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳುವ ಧೈರ್ಯ ಮಾಡಿಲ್ಲ. ನಿಮ್ಮ ಬಡ್ತಿ ಒಂದು ವರ್ಷ ತಡವಾದದ್ದು ಅದರಿಂದಲೇ. ಮಾರನೆಯ ದಿನವೇ ಅದನ್ನು ಹಿಂತೆಗೆದುಕೊಂಡು ಇನ್ನೊಂದು ಪತ್ರ ಬರೆದೆ. ಆದರೆ ದೂರು ಓಡುತ್ತದೆ, ಕ್ಷಮಾಪಣೆ ಕುಂಟುತ್ತದೆ.

ಮುಖ್ಯಸ್ಥರು ಹಳೆಯ ಕಾಲದವರು. ಪತ್ರ ಓದಿ, ಮಡಚಿ ಜೇಬಿಗೆ ಹಾಕಿಕೊಂಡು, "ನಡೀರಿ," ಎಂದರು. ತಕ್ಕಡಿ ಕೋಣೆಗೆ ಹೋದೆವು. ಕೂದಲ ಭಾರವನ್ನೂ ತೋರಿಸುವ ತಕ್ಕಡಿ ಅದು. ಅದರ ಮೇಲೆ ಪುಟ್ಟ ಬೀಕರ್ ಇಟ್ಟರು.

"ಇಬ್ಬರೂ ಇದಕ್ಕೆ ಐದೈದು ಮಿಲಿ ಶುದ್ಧ ನೀರು ಹಾಕಿ. ಮೂರು ಮೂರು ಸಲ. ಮಾತು ಬೇಡ, ನೀರು ಹೇಳಲಿ."

ಐದು ಮಿಲಿಲೀಟರ್ ನೀರು ಹೆಚ್ಚುಕಡಿಮೆ ಐದು ಗ್ರಾಂ ತೂಗಬೇಕು. ಕೋಣೆಯ ಬಿಸಿಗೆ ಗ್ರಾಮಿನ ನೂರರಲ್ಲಿ ಎರಡು ಪಾಲಿನಷ್ಟು ಕಡಿಮೆ. ನಾನು ಮೊದಲು ಹಾಕಿದೆ. ನಾಲ್ಕು ಪಾಯಿಂಟ್ ಎಂಟು ಐದು. ಎರಡನೆಯ ಸಲ ಒಂಬತ್ತು ಒಂದು. ಮೂರನೆಯ ಸಲ ಏಳು ಒಂಬತ್ತು. ಮೂರು ಸಲಕ್ಕೆ ಮೂರು ಲೆಕ್ಕ! ಅಕ್ಕ ಮಣೆ ಹತ್ತಿದರು. ನಾಲ್ಕು ಪಾಯಿಂಟ್ ಒಂಬತ್ತು ಎಂಟು. ಒಂಬತ್ತು ಎಂಟು. ಒಂಬತ್ತು ಏಳು. ಆ ಕೊನೆಯ ಏಳಕ್ಕೆ ಅವರೇ ಮುಖ ಕಿವಿಚಿಕೊಂಡು, "ಇನ್ನೊಂದು ಸಲ ಮಾಡ್ಲಾ ಸರ್?" ಎಂದು ಕೇಳಿದರು. ಮುಖ್ಯಸ್ಥರಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಅಕ್ಕ ನನ್ನನ್ನು ಹಂಗಿಸಲಿಲ್ಲ. ಅದೇ ದೊಡ್ಡತನ ನೋಡಿ. ನನ್ನ ಪಿಪೆಟ್ಟನ್ನು ಬೆಳಕಿಗೆ ಹಿಡಿದು ತೋರಿಸಿದರು. "ಸರ್, ಒಳಗೆ ಹನಿ ಕೂತಿದೆ ನೋಡಿ. ಶುದ್ಧ ನೀರಲ್ಲಿ ತೊಳೆದು ಹಾಗೇ ಹಾಕಿದೀರಿ. ಸೀಸೆ ನೀರಲ್ಲೇ ಎರಡು ಮೂರು ಸಲ ಗಲಬರಿಸಿ ಚೆಲ್ಲಬೇಕಿತ್ತು. ಇಲ್ದಿದ್ರೆ ಈ ಹನಿ ಹೋಗಿ ಅದರ ಜೊತೆ ಸೇರುತ್ತೆ. ಆಮೇಲೆ, ಪೂರ್ತಿ ಇಳಿಯೋ ಮೊದಲೇ ಎತ್ತಿಬಿಡ್ತೀರಿ. ಮೇಲಿಂದ ನೋಡ್ತೀರಿ." ಒಂದು ತಪ್ಪು ನೀರನ್ನು ತೆಳು ಮಾಡಿತು, ಎರಡು ತಪ್ಪು ಅಳತೆಯನ್ನು ಕಡಿಮೆ ಮಾಡಿದವು. ಮೂರೂ ಕೈ ಕೈ ಹಿಡಿದುಕೊಂಡು ಒಂದೇ ದಿಕ್ಕಿಗೆ ನಡೆದಿದ್ದವು. ಎದುರುಬದುರು ದಿಕ್ಕಿಗೆ ನಡೆದು ಒಂದನ್ನೊಂದು ಸರಿದೂಗಿಸಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಕೊನೆಗೆ ತಲೆ ಎತ್ತಿ ನನ್ನ ಮುಖ ನೋಡಿ ಅವರು ಕೇಳಿದ್ದು ಬೇರೆಯದೇ ಮಾತು: "ಮನೇಲಿ ಏನಾದ್ರೂ ತೊಂದರೇನಾ ಸರ್? ಈ ವಾರವೆಲ್ಲ ಬಾಗಿಲು ತೆಗೆಯೋಕೆ ಮೊದಲೇ ಬಂದು ಕೂತಿರ್ತೀರಿ."

ನಾನು "ಏನಿಲ್ಲ," ಅಂದೆ.

ಮುಖ್ಯಸ್ಥರು 'ಅಯೋಗ್ಯ' ಎಂದು ತಿದ್ದಿ, ನೀರಿನ ಎಂಜಿನಿಯರನ್ನು ಕರೆಸಿದರು. ಅವರು ತಮ್ಮ ದಾಖಲೆ ಪುಸ್ತಕ ತೆರೆದು, ಹದಿನೇಳರ ಮುಂದೆ ಬೆರಳಿಟ್ಟು ಓದಿದರು: "ಗೊಬ್ಬರದ ಗೋದಾಮಿನ ಹಿಂದೆ ಇರೋ ನಲವತ್ತು ಮನೆಗಳ ಬಾವಿ."

ಸಭಿಕರೇ, ಆ ನಲವತ್ತು ಮನೆಗಳಲ್ಲಿ ಒಂದು ನನ್ನದು.

ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಬಾವಿಯಲ್ಲ, ಒಲೆಯ ಮೇಲಿನ ಪಾತ್ರೆ. ನೀರು ಕುದಿದರೆ ಕ್ರಿಮಿ ಸಾಯುತ್ತದೆ. ಲವಣ ಸಾಯುತ್ತದೆಯೇ? ನೀರು ಆವಿಯಾಗಿ ಹೋಗುತ್ತದೆ, ಲವಣ ಪಾತ್ರೆಯಲ್ಲೇ ಉಳಿಯುತ್ತದೆ. ಅರ್ಧಕ್ಕೆ ಇಳಿಸಿದರೆ ಐವತ್ತೆರಡು ನೂರಾನಾಲ್ಕಾಗುತ್ತದೆ. ಶಾಲೆಯ ಮಕ್ಕಳಿಗೂ ಗೊತ್ತಿರುವ ಪಾಠ ಅದು. ದಿನಕ್ಕೆ ಐದಾರು ಸಲ ಅದನ್ನೇ ಹಾಲಿಗೆ ಕಲಸಿ ನನ್ನ ಮಗಳಿಗೆ ಕುಡಿಸುತ್ತಿದ್ದೆವು, ನನ್ನ ಅಪ್ಪಣೆಯಂತೆ.

ನಾನು ಓಡಿದೆ. ಅಂಗಿಯ ಮೇಲಿನ ಬಿಳಿ ಕೋಟನ್ನೂ ತೆಗೆಯದೆ, ಮಾರ್ಕೆಟ್ಟಿನ ನಡುವೆ ಓಡಿದೆ. ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಿ, "ಹೃದಯ ಅಲ್ಲ, ನೀರು, ನೀರು," ಎಂದು ಕೂಗಿದೆ. ಅವರು ಒಂದು ಹನಿ ರಕ್ತ ತೆಗೆದು ಬಿಳಿ ಕಾಗದದ ಮೇಲೆ ಇಟ್ಟರು. ಕೆಂಪಾಗಿ ಇರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿತ್ತು. ನೈಟ್ರೇಟ್ ಕೂಸಿನ ರಕ್ತವನ್ನು ಕೆಡಿಸುವುದು ಹಾಗೆಯೇ, ತುಟಿ ನೀಲಿಗಟ್ಟುವುದೂ ಅದರಿಂದಲೇ. ತಕ್ಷಣ ಆಸ್ಪತ್ರೆಗೆ ಸೇರಿಸಿಕೊಂಡು ಔಷಧಿ ಕೊಟ್ಟರು. ಆ ಬಾವಿಯ ನೀರು ನಿಲ್ಲಿಸಿದೆವು. ಮೂರನೆಯ ದಿನ ಬೆಳಗ್ಗೆ ನನ್ನ ಹೆಂಡತಿ ಕರೆದಳು. "ರೀ, ಬನ್ನಿ ಇಲ್ಲಿ, ತುಟಿ ನೋಡಿ." ಮಗುವಿನ ತುಟಿ ಕೆಂಪಗಿತ್ತು. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು.

ಆ ನಲವತ್ತು ಮನೆಗಳಲ್ಲಿ ಇನ್ನೂ ಎರಡು ಕೂಸುಗಳಿದ್ದವು. ಅವಕ್ಕೆ ಏನೂ ಆಗುವ ಮೊದಲೇ ನೀರಿನ ಗಾಡಿ ಬಂತು. ಗೋದಾಮಿನ ಮಾಡು ಸೋರಿ ಗೊಬ್ಬರ ನೆಲಕ್ಕಿಳಿಯುತ್ತಿತ್ತು. ಎರಡು ವಾರದಲ್ಲಿ ಆ ಬಾವಿಯ ಲೆಕ್ಕ ಎಪ್ಪತ್ತು ಮುಟ್ಟಿತು. ನನ್ನ ನಲವತ್ತೆಂಟು ನಿಂತಿದ್ದರೆ ಆ ಬಾವಿಯ ಸೀಸೆ ಮತ್ತೆ ನಮ್ಮ ಮೇಜಿಗೆ ಬರುತ್ತಿದ್ದದ್ದು ಮುಂದಿನ ವರ್ಷ.

ಇಲ್ಲಿಗೆ ನಿಲ್ಲಿಸಬೇಕು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಆದರೆ ಇನ್ನೊಂದು ಮಾತಿದೆ. ಅದನ್ನು ಹೇಳದೆ ಕೆಳಗಿಳಿದರೆ ಇಷ್ಟು ಹೊತ್ತು ಹೇಳಿದ್ದು ಬರೀ ಬಾಯಿಮಾತು.

ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಕೇಳಿದಳು, "ನೀರಲ್ಲಿದೆ ಅಂತ ಹೇಗ್ರೀ ಗೊತ್ತಾಯ್ತು?" ನಾನು, "ಲ್ಯಾಬಲ್ಲಿ ಪರೀಕ್ಷೆ ಮಾಡಿದೆ," ಎಂದೆ. ಸುಳ್ಳೇ? ಪರೀಕ್ಷೆ ಮಾಡಿದ್ದು ನಿಜವಷ್ಟೇ! ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. ನಲವತ್ತೆಂಟು ಎಂದು ಬರೆದ ಕೈಗಳವು. ನಾಳೆ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವಳು ಅತ್ತೆಯವರಿಗೆ ಹೇಳಿದ್ದಳು, ಅತ್ತೆಯವರು ನೆಂಟರಿಗೆಲ್ಲ ಹೇಳಿದ್ದರು. 'ಅಪ್ಪನೇ ಕಂಡುಹಿಡಿದು ಮಗಳ ಜೀವ ಉಳಿಸಿದ.' ಇಪ್ಪತ್ತೆಂಟು ವರ್ಷಗಳಿಂದ ನಮ್ಮ ಮನೆಗೆ ಬಂದವರೆಲ್ಲ ಈ ಕಥೆ ಕೇಳಿದ್ದಾರೆ. ನನ್ನ ಮಗಳು ಶಾಲೆಯಲ್ಲಿ 'ನನ್ನ ತಂದೆ' ಎಂಬ ಪ್ರಬಂಧದಲ್ಲಿ ಇದನ್ನೇ ಬರೆದು ಬಹುಮಾನ ತಂದಳು. ಆ ಬಹುಮಾನ ನಮ್ಮ ಕಪಾಟಿನಲ್ಲಿದೆ. ನಾನು ಅದಕ್ಕೆ ಬೆನ್ನು ಹಾಕಿ ಊಟಕ್ಕೆ ಕೂರುತ್ತೇನೆ.

ಮಗಳ ಮೊದಲ ಹುಟ್ಟುಹಬ್ಬಕ್ಕೆ ಪ್ರಯೋಗಾಲಯದವರನ್ನೆಲ್ಲ ಕರೆದಿದ್ದೆವು. ಅಕ್ಕನೂ ಬಂದಿದ್ದರು. ನನ್ನ ಹೆಂಡತಿ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಆ ಕಥೆ ಶುರುಮಾಡಿದಳು. "ನಮ್ಮೆಜಮಾನ್ರೇ ಕಂಡುಹಿಡಿದಿದ್ದು ಅಕ್ಕಾ. ಇಲ್ದಿದ್ರೆ ಇವಳು ಇವತ್ತು..." ನಾನು ಬಾಗಿಲ ಹತ್ತಿರ ತಟ್ಟೆ ಹಿಡಿದು ನಿಂತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ಹಣೆ ಒರೆಸಿಕೊಂಡೆ. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೈ ಚಾಚಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಗಲ್ಲ ಸವರಿ, "ಮಗು ಚೆನ್ನಾಗಿದೆಯಲ್ಲಮ್ಮಾ, ಅಷ್ಟು ಸಾಕು," ಎಂದರು.

ಮಾರನೆಯ ದಿನ ಅವರ ಮೇಜಿನ ಹತ್ತಿರ ಹೋಗಿ ತೊದಲಿದೆ. "ಅಕ್ಕಾ, ನಿನ್ನೆ ಮನೇಲಿ ಅವಳು ಹೇಳಿದ್ದು... ನಾನು..." ಅದೇ ಮೊದಲ ಸಲ ಅವರನ್ನು ಅಕ್ಕಾ ಎಂದು ಕರೆದದ್ದು. ಅವರು ಹನಿ ಹನಿಯಾಗಿ ದ್ರಾವಣ ಬಿಡುವ ಬ್ಯೂರೆಟ್ ಎಂಬ ಗಾಜಿನ ಕೊಳವೆಯಿಂದ ಕಣ್ಣು ತೆಗೆಯದೆ, "ಸರ್, ಸ್ವಲ್ಪ ಸುಮ್ನಿರಿ, ಹನಿ ಎಣಿಸ್ತಾ ಇದ್ದೀನಿ," ಎಂದರು. ಆ ಹನಿಗಳು ಇನ್ನೂ ಮುಗಿದಿಲ್ಲ ಅಂದುಕೊಂಡು ನಾನು ಇಲ್ಲಿಯತನಕ ಸುಮ್ಮನಿದ್ದೆ. ಹೇಡಿಗೆ ಅಷ್ಟು ನೆವ ಸಾಕಲ್ಲವೇ?

ಅವರಿಂದ ಕಲಿತು ಬೇರೆ ಬೇರೆ ಊರುಗಳಿಗೆ ಹೋದವರು ಇಲ್ಲಿ ಅರ್ಧ ಸಭಾಂಗಣ ತುಂಬಿದ್ದಾರೆ. ಅವರಿಗೆ ನನ್ನದೊಂದು ವಿನಂತಿ: ಅಕ್ಕನ ಬಗ್ಗೆ ಹೇಳುವಾಗ ಇದನ್ನೂ ಸೇರಿಸಿ ಹೇಳಿ. ನನ್ನ ಹುದ್ದೆಯನ್ನೂ ಸೇರಿಸಿಯೇ ಹೇಳಿ. ಈಗ ಮುಖ್ಯಸ್ಥನಾಗಿ ಕೂತಿರುವ ಇವನೇ ಅಂದು ತಪ್ಪು ಅಳೆದಿದ್ದ, ಅವರು ಸಹಿ ಹಾಕಲಿಲ್ಲ ಎಂದು.

ಇಷ್ಟು ಹೊತ್ತು ನಾನು ಮೂರನೇ ಸಾಲಿನ ಕಡೆ ನೋಡದೆ ಮಾತಾಡಿದೆ. ಈಗ ನೋಡುತ್ತಿದ್ದೇನೆ. ನನ್ನ ಹೆಂಡತಿ ಎದ್ದು ನಿಂತಿದ್ದಾಳೆ. ಮಗಳೂ ಎದ್ದಿದ್ದಾಳೆ. ಹೊರಗೆ ಹೊರಟರೇನೋ... ದಯವಿಟ್ಟು ಅವರಿಗೆ ದಾರಿ ಬಿಡಿ. ಅವರು ಹೋದರೆ ನಾನು ತಡೆಯಲಾರೆ, ಆ ಹಕ್ಕು ನನಗಿಲ್ಲ.

ಇಲ್ಲ. ಬಾಗಿಲ ಕಡೆ ಅಲ್ಲ, ಮೆಟ್ಟಿಲು ಹತ್ತುತ್ತಿದ್ದಾರೆ. ಈ ಕಡೆ ಬಾ, ಮೈಕಿನ ತಂತಿ ಇದೆ, ಎಡವೀಯ...

ನನ್ನ ಹೆಂಡತಿ ನನ್ನ ಮುಖ ನೋಡಲಿಲ್ಲ ಸಭಿಕರೇ. ನನ್ನನ್ನು ದಾಟಿಕೊಂಡು ನೆಟ್ಟಗೆ ಅಕ್ಕನ ಹತ್ತಿರ ಹೋದಳು. ಕುರ್ಚಿಯ ಮುಂದೆ ನೆಲದ ಮೇಲೆ ಕೂತುಬಿಟ್ಟಿದ್ದಾಳೆ, ಅಕ್ಕನ ಎರಡೂ ಕೈಗಳನ್ನು ಹಿಡಿದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಾಳೆ. ಅಕ್ಕ ಏನೋ ಹೇಳುತ್ತಿದ್ದಾರೆ, ನನಗೆ ಕೇಳಿಸುತ್ತಿಲ್ಲ. ಕೇಳಿಸಬೇಕಾದದ್ದೂ ಅಲ್ಲ. ನನ್ನ ಮಗಳು ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಮನೆಗೆ ಹೋದ ಮೇಲೆ ನನಗೆ ವಿಚಾರಣೆ ಇದೆ ಎಂಬುದು ಅವಳ ಮುಖದಲ್ಲೇ ಬರೆದಿದೆ. ಆಗಲಿ.

ಮಾತು ಉದ್ದವಾಯಿತು. ತಾಳ್ಮೆಯಿಂದ ಕೇಳಿದ ನಿಮಗೆ, ಸಮಯ ಮೀರಿದರೂ ಗಂಟೆ ಬಾರಿಸದ ಅಧ್ಯಕ್ಷರಿಗೆ, ಮತ್ತು ಇಪ್ಪತ್ತೆಂಟು ವರ್ಷ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಪ್ರತಿ ಬೆಳಗ್ಗೆ ನನಗೆ "ಬಂದ್ರಾ ಸರ್" ಎಂದು ನಗುನಗುತ್ತ ಕೇಳಿದ ಅಕ್ಕನಿಗೆ ನನ್ನ ವಂದನೆಗಳು.

ನಮಸ್ಕಾರ.